ಧಾರವಾಡದ ಅಟ್ಟ, ಶೆಫೀಲ್ಡಿನ ಚಂದಾದಾರರು: ಕನ್ನಡ ಪುಸ್ತಕಕ್ಕೆ ಹಣ ಕೊಟ್ಟವರು ಯಾರು?

ನಮ್ಮ ಸಾಹಿತ್ಯ ಚರಿತ್ರೆಗಳು ಹಳೆಯ ಕವಿಗಳ ವಿಷಯ ಬಂದಾಗ ಆಶ್ರಯದಾತರ ಹೆಸರನ್ನು ಮರೆಯದೆ ಹೇಳುತ್ತವೆ. ಅರಿಕೇಸರಿ ಪಂಪನಿಗೆ ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟ ಸಂಗತಿ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಅಚ್ಚಿನ ಯುಗಕ್ಕೆ ಬಂದ ಕೂಡಲೇ ಈ ಪ್ರಶ್ನೆ ಕಾಣೆಯಾಗುತ್ತದೆ. ನವೋದಯ, ಪ್ರಗತಿಶೀಲ, ನವ್ಯ, ಬಂಡಾಯ ಎಂದು ಪಂಥಗಳನ್ನು ಎಣಿಸುತ್ತೇವೆ. ಯಾರ ಪ್ರಭಾವ ಯಾರ ಮೇಲೆ ಎಂದು ಚರ್ಚಿಸುತ್ತೇವೆ. ಕಾಗದಕ್ಕೆ ದುಡ್ಡು ಕೊಟ್ಟವರು ಯಾರು, ಅಚ್ಚಾದ ಪ್ರತಿಯನ್ನು ಓದುಗನ ಮನೆಯವರೆಗೆ ಮುಟ್ಟಿಸಿದವರು ಯಾರು ಎಂದು ಕೇಳುವುದು ಏನೋ ಸಣ್ಣತನವೆಂಬ ಭಾವನೆ ನಮ್ಮಲ್ಲಿದೆ.

ಈ ಲೇಖನದಲ್ಲಿ ಆ ಪ್ರಶ್ನೆಯನ್ನೇ ಕೇಳಹೊರಟಿದ್ದೇನೆ. ಇದಕ್ಕೆ ಎರಡು ಕಾರಣಗಳಿವೆ. ಒಂದು, ಹಣ ಬಂದ ದಾರಿಗೂ ಕೃತಿಯ ರೂಪಕ್ಕೂ ನಾವು ಅಂದುಕೊಂಡದ್ದಕ್ಕಿಂತ ಹತ್ತಿರದ ಸಂಬಂಧವಿದೆ. ಇನ್ನೊಂದು ಕಾರಣ ಹೊರನಾಡಿನಲ್ಲಿರುವ ನಮಗೆ ನೇರವಾಗಿ ತಟ್ಟುವಂಥದು. ಕಡಲಾಚೆ ಕೂತು ಬರೆದ ಕನ್ನಡಿಗರ ಮುಖ್ಯ ಕೃತಿಗಳಿಗೆ ಒಂದು ಕಾಲದಲ್ಲಿ ಧಾರವಾಡದ ಸಾಮಾನ್ಯ ಓದುಗರು ವರ್ಗಣಿ ಕೊಟ್ಟರು. ಈಗ ಹಾಸನದಲ್ಲಿ ಕೂತು ಬರೆದ ಕನ್ನಡ ಲೇಖಕಿಯ ಪುಸ್ತಕಕ್ಕೆ, ನಾವು ನೆಲೆಸಿರುವ ಇದೇ ಇಂಗ್ಲೆಂಡಿನಲ್ಲಿ, ಕನ್ನಡದ ಒಂದು ಅಕ್ಷರವೂ ಗೊತ್ತಿಲ್ಲದ ಚಂದಾದಾರರು ಹಣ ಕೊಟ್ಟಿದ್ದಾರೆ. ಈ ಎರಡರ ನಡುವೆ ನಾವು ಎಲ್ಲಿದ್ದೇವೆ ಎಂಬುದು ಈ ಬರಹದ ಕೊನೆಯ ಪ್ರಶ್ನೆ.

ಕವಿಗೆ ಹಣ, ಓದಿಗೆ ಹಣ

ಮೊದಲು ಒಂದು ಭೇದವನ್ನು ಗುರುತಿಸಿಕೊಳ್ಳಬೇಕು. ಬರೆಯುವವನಿಗೆ ಹಣ ಕೊಡುವುದು ಒಂದು ಬಗೆ. ಬರೆದದ್ದು ಓದಿಸಿಕೊಳ್ಳುವಂತೆ ಹಣ ಕೊಡುವುದು ಇನ್ನೊಂದು ಬಗೆ. ಅರಿಕೇಸರಿಯದು ಮೊದಲ ಬಗೆ. ಎರಡನೆಯದಕ್ಕೆ ನಮ್ಮಲ್ಲಿ ಅತ್ತಿಮಬ್ಬೆಗಿಂತ ದೊಡ್ಡ ಉದಾಹರಣೆ ಇಲ್ಲ. ರನ್ನನಿಗೆ ಆಶ್ರಯ ಕೊಟ್ಟವಳು ಎಂದು ಅವಳನ್ನು ನೆನೆಯುತ್ತೇವೆ. 993ರ 'ಅಜಿತಪುರಾಣ' ಅವಳ ಪ್ರೇರಣೆಯಿಂದ ಹುಟ್ಟಿತು. ಆದರೆ ಅವಳು ಮಾಡಿಸಿದ ಇನ್ನೊಂದು ಕೆಲಸ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ತನಗಿಂತ ಹಿಂದಿನ ಕವಿಯಾದ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಪೊನ್ನನಿಗೆ ಅದರಿಂದ ಒಂದು ಕಾಸೂ ಬರಲಿಲ್ಲ. ಅದರ ಫಲ ಸಂದದ್ದು ಓಲೆಗರಿಯ ಲಿಪಿಕಾರರಿಗೆ, ಬಸದಿಗಳಲ್ಲಿ ಕೂತು ಕೇಳಿದ ಜನರಿಗೆ ಮತ್ತು ಆ ಕಾವ್ಯದ ಆಯುಷ್ಯಕ್ಕೆ. ಕೈಯಲ್ಲಿ ಒಂದೊಂದೇ ಅಕ್ಷರ ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಕೈಗಳು, ಎಷ್ಟು ತಿಂಗಳುಗಳು ಎಂದು ಊಹಿಸಿದರೆ ಸಾಕು. ಇಂದಿಗೂ ಅನೇಕ ಕನ್ನಡ ಪುಸ್ತಕಗಳ ಮೊದಲ ಮುದ್ರಣ ಸಾವಿರ ಪ್ರತಿಗಳನ್ನು ದಾಟುವುದಿಲ್ಲ.

ಅಚ್ಚಿನ ಯುಗದ ಹೊಸ್ತಿಲಲ್ಲಿ ನಿಂತ ಮುದ್ದಣನಿಗೆ ಅರಿಕೇಸರಿಯೂ ಇರಲಿಲ್ಲ, ಅತ್ತಿಮಬ್ಬೆಯೂ ಇರಲಿಲ್ಲ. ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಹೇಳಿಕೊಡುತ್ತಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪ ತನ್ನ ಕೃತಿಗಳನ್ನು ಹಳೆಯ ಕವಿಯೊಬ್ಬನ ಹಸ್ತಪ್ರತಿಗಳೆಂದು ಹೇಳಿ ಮೈಸೂರಿನ 'ಕಾವ್ಯಮಂಜರಿ'ಗೆ ಕಳುಹಿಸಿದ. ಆ ಪತ್ರಿಕೆ ಪ್ರಾಚೀನ ಕಾವ್ಯಗಳನ್ನು ಅಚ್ಚು ಹಾಕುತ್ತಿತ್ತು. ಹೊಸಬನ ಹಳಗನ್ನಡಕ್ಕೆ ಅಲ್ಲಿ ಜಾಗ ಸಿಗುತ್ತಿತ್ತೆಂದು ಹೇಳಲಾಗದು. ತನ್ನ ಹೆಸರನ್ನು ಬಿಟ್ಟುಕೊಟ್ಟು ಓದುಗರನ್ನು ಪಡೆದ ಉದಾಹರಣೆ ಇದು. 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ಕ್ಷಯ ಮತ್ತು ಬಡತನ ಎರಡೂ ಸೇರಿ ಅವನನ್ನು ಮುಗಿಸಿದವು. 'ರಾಮಾಶ್ವಮೇಧ'ದಲ್ಲಿ ಮನೋರಮೆ ಪದ್ಯ ಬೇಡ, ಗದ್ಯದಲ್ಲೇ ಹೇಳು ಎಂದು ಗಂಡನನ್ನು ಒತ್ತಾಯಿಸುವ ಭಾಗವನ್ನು ನಾವು ಸರಸವೆಂದು ಓದಿಕೊಂಡು ಬಂದಿದ್ದೇವೆ. ನಿಜವಾದ ಕೇಳುಗರೇ ಇಲ್ಲದ ಕವಿಯೊಬ್ಬ ಕೃತಿಯ ಒಳಗೇ ಒಬ್ಬ ಕೇಳುಗಳನ್ನು ಕೂರಿಸಿಕೊಂಡು, ಅವಳ ಬೇಡಿಕೆಗೆ ತಕ್ಕಂತೆ ರೂಪವನ್ನು ಬದಲಿಸಿಕೊಂಡ ಎಂದೂ ಅದನ್ನು ಓದಬಹುದು. ಕನ್ನಡ ಗದ್ಯದ ಆಧುನಿಕ ಆರಂಭಗಳಲ್ಲಿ ಒಂದು ಹೀಗೆ ಒಬ್ಬ ಕೇಳುಗಳ ಬೇಡಿಕೆಯೊಡನೆ ಮೊದಲಾಗುತ್ತದೆ.

ಗಳಗನಾಥರ ಗಂಟು

ಮುದ್ದಣನಿಗಿಂತ ಒಂದೇ ವರ್ಷ ಹಿರಿಯರಾದ ವೆಂಕಟೇಶ ತಿರಕೋ ಕುಲಕರ್ಣಿ, ಅಂದರೆ ಗಳಗನಾಥರು (1869–1942), ಓದುಗರನ್ನು ಹುಡುಕಿಕೊಂಡು ತಾವೇ ಹೊರಟರು. ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ ತಮ್ಮ ಕಾದಂಬರಿಗಳನ್ನು ಮಾರಿದರು. ಕನ್ನಡ ರಾಜ್ಯೋತ್ಸವದ ಭಾಷಣಗಳಲ್ಲಿ ಈ ಕಥೆ ತಪ್ಪದೆ ಬರುತ್ತದೆ, ಕೇಳಿದವರು ಕಣ್ಣೊರೆಸಿಕೊಳ್ಳುತ್ತಾರೆ. ಅದನ್ನು ತ್ಯಾಗದ ಕಥೆಯಾಗಿ ಮಾತ್ರ ಕೇಳಿದರೆ ಅದರ ಅರ್ಧವನ್ನು ಕಳೆದುಕೊಂಡಂತೆ ಎಂಬುದು ನನ್ನ ಅನಿಸಿಕೆ.

ಅಂದಿನ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಸ್ಥಿತಿಯನ್ನು ನೆನಪಿಸಿಕೊಳ್ಳಬೇಕು. ಕಚೇರಿ, ಶಿಕ್ಷಣ, ನಾಟಕ, ಪತ್ರಿಕೆ ಎಲ್ಲದರಲ್ಲೂ ಮರಾಠಿಯದೇ ಮೇಲುಗೈ. ಓದು ಬಲ್ಲ ಕನ್ನಡಿಗರು ಮರಾಠಿ ಕಾದಂಬರಿಗಳನ್ನು ಓದುತ್ತಿದ್ದರು. ಪುಸ್ತಕವನ್ನು ಅಂಗಡಿಯಲ್ಲಿಟ್ಟು ಕಾದರೆ ಕೊಳ್ಳಲು ಬರುವ ಕನ್ನಡ ಓದುಗ ಅಲ್ಲಿ ಇರಲೇ ಇಲ್ಲ. ಅವನನ್ನು ಮೊದಲು ತಯಾರು ಮಾಡಬೇಕಾಗಿತ್ತು. 1898ರ 'ಪ್ರಬುದ್ಧ ಪದ್ಮನಯನೆ'ಯಿಂದ ಆರಂಭಿಸಿದ ಗಳಗನಾಥರು ಆ ಕೆಲಸಕ್ಕೆ ಎರಡು ಉಪಾಯಗಳನ್ನು ಹೂಡಿದರು. ಒಂದು ಗಂಟು ಹೊತ್ತು ನಡೆದದ್ದು. ಇನ್ನೊಂದು ಮಾಸಪತ್ರಿಕೆ. ಹಾವೇರಿಯ ಹತ್ತಿರದ ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ 'ಸದ್ಬೋಧ ಚಂದ್ರಿಕೆ'ಯಲ್ಲಿ ಭಕ್ತಿ, ನೀತಿ, ಪುರಾಣಗಳ ಜೊತೆಗೆ ಅವರ ಕಾದಂಬರಿಗಳೂ ಕಂತು ಕಂತಾಗಿ ಬಂದವು. ಅಗಡಿಯ ಶೇಷಾಚಲ ಸದ್ಗುರುಗಳ ಮೇಲಿನ ಶ್ರದ್ಧೆಯಿಂದ ಪತ್ರಿಕೆ ತರಿಸಿಕೊಂಡ ಮನೆಯವರು ಹಾಗೆಯೇ ಕಾದಂಬರಿಯ ಓದುಗರೂ ಆದರು.

ಈ ದಾರಿ ಅವರ ಬರಹದ ಮೇಲೆ ಗುರುತು ಉಳಿಸಿದೆ. ಅವರ ಕಾದಂಬರಿಗಳಲ್ಲಿ ಕಥೆ ನಿಲ್ಲಿಸಿ ಉಪದೇಶ ಮಾಡುವ ಭಾಗಗಳು ಹೇರಳವಾಗಿವೆ. ಓದುಗನನ್ನು ನೇರವಾಗಿ ಕರೆದು ಮಾತಾಡಿಸುವ ಅಭ್ಯಾಸವಿದೆ. ಸನ್ನಿವೇಶವೊಂದು ಬಿಗಿಯಾಗುತ್ತಿರುವಾಗ ಕಥೆಯನ್ನು ಬೇರೆಡೆಗೆ ತಿರುಗಿಸುವ ತಂತ್ರವಿದೆ. ಇವನ್ನು ಆರಂಭಕಾಲದ ಕಾದಂಬರಿಯ ಒಡ್ಡುತನವೆಂದು ವಿಮರ್ಶೆ ಪಟ್ಟಿ ಮಾಡುವುದುಂಟು. ಆದರೆ ಇದು ಜಗಲಿಯ ಮೇಲೆ ಕೂತು ಗಂಟು ಬಿಚ್ಚಿದವನ ಮಾತಿನ ಧಾಟಿ ಎಂಬುದನ್ನು ಗಮನಿಸಬೇಕು. ಎದುರಿಗೆ ಕೂತ ಮನೆಯವರಿಗೆ ಇದು ಸದ್ವಿಚಾರದ ಪುಸ್ತಕ, ಹೆಂಗಸರು ಮಕ್ಕಳೂ ಓದಬಹುದು ಎಂದು ನಂಬಿಕೆ ಹುಟ್ಟಿಸದಿದ್ದರೆ ಗಂಟು ಬಿಚ್ಚಿದ ಹಾಗೆಯೇ ಕಟ್ಟಿಕೊಂಡು ಹೊರಡಬೇಕಾಗುತ್ತಿತ್ತು. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಯನ್ನು ಆಧರಿಸಿ ಬರೆದ 'ಕನ್ನಡಿಗರ ಕರ್ಮಕಥೆ'ಯಲ್ಲಿ ವಿಜಯನಗರದ ಪತನ ಕನ್ನಡಿಗರ ಸ್ವಂತ ದುಃಖವಾಗಿ ಹೊರಹೊಮ್ಮುವುದಕ್ಕೂ ಇದೇ ಕಾರಣವಿರಬೇಕು. ಮರಾಠಿಯಲ್ಲೇ ಓದಬಲ್ಲವನಿಗೆ ಅದೇ ಕಥೆಯನ್ನು ಕನ್ನಡದಲ್ಲಿ ಮಾರಬೇಕಾದರೆ ಅದು ಅವನ ಮನೆಯ ಕಥೆಯಾಗಬೇಕು. ಉಪದೇಶದ ಭಾರ ಆ ಕಾದಂಬರಿಗಳನ್ನು ಇಂದು ಓದುವುದು ಕಷ್ಟವಾಗುವಂತೆ ಮಾಡಿದೆ ಎಂಬುದೂ ನಿಜ. ಓದುಗನ ಹಣ ಪಡೆದವನು ಓದುಗನ ಮಿತಿಗಳನ್ನೂ ಜೊತೆಗೆ ಪಡೆಯಬೇಕಾಯಿತು.

ಅಟ್ಟದ ಮೇಲಿನ ಪ್ರಕಾಶನ

ಗಳಗನಾಥರು ಮಾಡಿಟ್ಟ ಓದುಗವರ್ಗದ ಮಕ್ಕಳ ಕಾಲಕ್ಕೆ ಧಾರವಾಡದಲ್ಲಿ ಬೇರೊಂದು ಪ್ರಯೋಗ ನಡೆಯಿತು. 1933ರಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಅದರ ಹಿಂದೆ ಬೇಂದ್ರೆಯವರ ಗೆಳೆಯರ ಗುಂಪಿನ ಉತ್ಸಾಹವಿತ್ತು. ಜೋಶಿಯವರು ಮುಂದೆ 'ಜಡಭರತ' ಎಂಬ ಹೆಸರಿನಲ್ಲಿ 'ಸತ್ತವರ ನೆರಳು' ಬರೆದ ನಾಟಕಕಾರರು. ವರ್ಷಕ್ಕೆ ಇಷ್ಟು ಎಂದು ವರ್ಗಣಿ ಕೊಟ್ಟು ಸದಸ್ಯರಾದವರಿಗೆ ಮಾಲೆಯ ಪುಸ್ತಕಗಳು ಮನೆಗೆ ಬರುತ್ತವೆ, ಇದು ವ್ಯವಸ್ಥೆ. ಬಂಡವಾಳವೆಂದರೆ ಆ ವರ್ಗಣಿ ಮತ್ತು ಜೋಶಿಯವರ ಹಠ. ಕಚೇರಿಯೆಂದರೆ ಧಾರವಾಡದ ಒಂದು ಅಟ್ಟ.

ಈ ವ್ಯವಸ್ಥೆಯ ಒಂದು ಲಕ್ಷಣವನ್ನು ವಿಶೇಷವಾಗಿ ಗಮನಿಸಬೇಕು. ಗಳಗನಾಥರಿಂದ ಕೊಂಡವನು ಪುಸ್ತಕವನ್ನು ಕೈಯಲ್ಲಿ ತಿರುವಿ ನೋಡಿ ಕೊಂಡ. ಗ್ರಂಥಮಾಲೆಯ ಸದಸ್ಯ ಇನ್ನೂ ಅಚ್ಚಾಗದ ಪುಸ್ತಕಕ್ಕೆ ಮುಂಗಡವಾಗಿ ಹಣ ಕೊಟ್ಟ. ಅವನು ನಂಬಿದ್ದು ಅದನ್ನು ಆರಿಸುವವರ ರುಚಿಯನ್ನು. ಜೋಶಿಯವರ ಜೊತೆ ಸಾಹಿತ್ಯ ಸಲಹೆಗಾರರಾಗಿ ಕೀರ್ತಿನಾಥ ಕುರ್ತಕೋಟಿಯವರು ಬಂದ ಮೇಲೆ ಆ ರುಚಿಗೆ ಇನ್ನಷ್ಟು ಧೈರ್ಯ ಬಂತು. ಹೆಸರು ಕೇಳದ ಲೇಖಕನ ಪುಸ್ತಕವೂ ಮೊದಲ ದಿನವೇ ಒಂದಷ್ಟು ಮನೆಗಳನ್ನು ಸೇರುವ ಅನುಕೂಲ ಇದರಿಂದ ಒದಗಿತು.

ಅದರ ಫಲವನ್ನು ಮೂರು ಪುಸ್ತಕಗಳಿಂದ ತೋರಿಸಬಹುದು. 1961ರಲ್ಲಿ ಗಿರೀಶ ಕಾರ್ನಾಡರ 'ಯಯಾತಿ' ಗ್ರಂಥಮಾಲೆಯಿಂದ ಬಂತು. ಆಗ ಕಾರ್ನಾಡರು ಆಕ್ಸ್‌ಫರ್ಡಿನಲ್ಲಿ ರೋಡ್ಸ್ ವಿದ್ಯಾರ್ಥಿ. ಅದು ಅವರ ಮೊದಲ ನಾಟಕ. 1965ರಲ್ಲಿ ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' ಬಂತು. ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆಗೆಂದು ಬಂದಿದ್ದ ಅವರು, ಬರ್ಗ್‌ಮನ್‌ರ 'ದಿ ಸೆವೆಂತ್ ಸೀಲ್' ಚಿತ್ರವನ್ನು ಕಂಡ ಪ್ರೇರಣೆಯಲ್ಲಿ ಇಲ್ಲಿಯೇ ಅದನ್ನು ಬರೆದರು. 1969ರಲ್ಲಿ ಎ. ಕೆ. ರಾಮಾನುಜನ್ನರ 'ಹೊಕ್ಕುಳಲ್ಲಿ ಹೂವಿಲ್ಲ' ಬಂತು. ರಾಮಾನುಜನ್ ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದರು. ಆಕ್ಸ್‌ಫರ್ಡ್, ಬರ್ಮಿಂಗ್‌ಹ್ಯಾಮ್, ಶಿಕಾಗೋ: ಮೂರೂ ಕಡೆ ಇದ್ದ ಲೇಖಕರ ಹಸ್ತಪ್ರತಿಗಳು ಒಂದೇ ಅಟ್ಟ ಹತ್ತಿದವು.

ಹೊರನಾಡ ಕನ್ನಡಿಗರು ಸಾಹಿತ್ಯಕ್ಕೆ ಕೊಟ್ಟ ಕೊಡುಗೆ ಎಂದು ನಾವು ಈ ಮೂವರನ್ನು ನಮ್ಮವರೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವರು ದೂರದೇಶದಲ್ಲಿ ಪಡೆದ ಬಿಡುಗಡೆಯ ನೋಟದ ಬಗ್ಗೆ ಸಾಕಷ್ಟು ವಿಮರ್ಶೆ ಬಂದಿದೆ. ಅಗ್ರಹಾರದ ಹೆಣ ಕೊಳೆಯುತ್ತಿರುವಾಗ ಶಾಸ್ತ್ರ ತಡಕಾಡುವ ಪ್ರಾಣೇಶಾಚಾರ್ಯನ ಕಥೆಯನ್ನು ಬರ್ಮಿಂಗ್‌ಹ್ಯಾಮಿನಲ್ಲಿ ಕೂತು ಬರೆಯುವುದು ಸುಲಭವಾಗಿರಬಹುದು. ಅದನ್ನು ಧಾರವಾಡದಲ್ಲಿ ಅಚ್ಚು ಹಾಕಿ, ಅಂಥದೇ ಅಗ್ರಹಾರಗಳಿಂದ ಹೊರಟು ಬಂದ ಕುಟುಂಬಗಳ ನಡುವೆಯೇ ಇದ್ದುಕೊಂಡು ಹಂಚುವುದು ಬೇರೆ ಮಾತು. ಕಾದಂಬರಿ ಕೆರಳಿಸಿದ ವಿವಾದ ಎಲ್ಲರಿಗೂ ತಿಳಿದದ್ದೇ. ಸದಸ್ಯರು ಮುನಿಸಿಕೊಂಡು ವರ್ಗಣಿ ನಿಲ್ಲಿಸಿದ್ದರೆ ನಷ್ಟ ತಗಲುತ್ತಿದ್ದದ್ದು ಅಟ್ಟಕ್ಕೆ, ಬರ್ಮಿಂಗ್‌ಹ್ಯಾಮಿಗಲ್ಲ. ನವ್ಯದ ಸಾಹಸಗಳನ್ನು ಎಣಿಸುವಾಗ ಜೋಶಿಯವರ ಈ ಸಾಹಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಗ್ರಂಥಮಾಲೆಯ ಮಿತಿಯನ್ನೂ ಹೇಳಬೇಕು. ಮುಂಗಡ ವರ್ಗಣಿ ಕೊಡಬಲ್ಲವರು, ಅಂಚೆಯಲ್ಲಿ ಪುಸ್ತಕ ತರಿಸಿಕೊಂಡು ಓದುವ ಬಿಡುವುಳ್ಳವರು ಯಾರು? ಮಾಸ್ತರರು, ವಕೀಲರು, ಗುಮಾಸ್ತರು, ಪ್ರಾಧ್ಯಾಪಕರು. ಓದುಬರಹ ಕೆಲವೇ ಜಾತಿಗಳ ಸ್ವತ್ತಾಗಿದ್ದ ಕಾಲದಲ್ಲಿ ಆ ಪಟ್ಟಿ ಎಲ್ಲಿಯವರೆಗೆ ಹೋಗಬಹುದೆಂದು ಹೇಳಬೇಕಿಲ್ಲ.

ಬೀದಿಗೆ ಬಂದ ಬರಹ

ಆ ಪಟ್ಟಿಯ ಹೊರಗಿದ್ದವರು ಬೇರೆ ದಾರಿಗಳನ್ನು ಕಂಡುಕೊಂಡರು. 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಪುಸ್ತಕವಾಗಿ ಎಷ್ಟು ಓದಿಸಿಕೊಂಡಿತೋ ಅದಕ್ಕಿಂತ ಹೆಚ್ಚಾಗಿ ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ, ಜಾಥಾಗಳಲ್ಲಿ ಹಾಡಾಗಿ ಹರಡಿತು. ಓದು ಬಾರದವರೂ ಅದನ್ನು ಕಂಠಪಾಠ ಮಾಡಿಕೊಂಡರು. ಅಲ್ಲಿ ಹಂಚಿಕೆಯ ಖರ್ಚನ್ನು ಹೊತ್ತದ್ದು ಚಳವಳಿ. ಪಲ್ಲವಿ ಮರುಕಳಿಸುವುದು, ಸಾಲು ಉಸಿರಿಗೆ ತಕ್ಕಷ್ಟೇ ಉದ್ದವಿರುವುದು, ಪ್ರಶ್ನೆಯಾಗಿ ಎಸೆದು ಗುಂಪಿನಿಂದ ಉತ್ತರ ಪಡೆಯುವುದು, ಇವೆಲ್ಲ ಆ ಹಾಡುಗಳು ನಡೆದ ದಾರಿಯಿಂದ ಬಂದ ಗುಣಗಳು.

1980ರ ಜುಲೈಯಲ್ಲಿ ಆರಂಭವಾದ 'ಲಂಕೇಶ್ ಪತ್ರಿಕೆ' ಇನ್ನೊಂದು ದಾರಿ. ವಿಶ್ವವಿದ್ಯಾಲಯದ ಕೆಲಸ ಬಿಟ್ಟಿದ್ದ ಪಿ. ಲಂಕೇಶರು ಜಾಹೀರಾತುಗಳನ್ನು ತೆಗೆದುಕೊಳ್ಳುವುದಿಲ್ಲವೆಂದು ನಿರ್ಧರಿಸಿ, ವಾರವಾರ ಓದುಗ ಕೊಡುವ ಚಿಲ್ಲರೆ ಕಾಸಿನ ಮೇಲೆಯೇ ಪತ್ರಿಕೆ ನಡೆಸಿದರು. ಬಸ್‌ಸ್ಟ್ಯಾಂಡಿನಲ್ಲಿ ಪತ್ರಿಕೆ ಕೊಂಡವನಿಗೆ ಮೊದಲು ಬೇಕಾಗಿದ್ದದ್ದು ರಾಜಕಾರಣಿಗಳ ಬಣ್ಣ ಬಯಲು ಮಾಡುವ ವರದಿ. ಅದೇ ಹಾಳೆಗಳ ನಡುವೆ ಅವನಿಗೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಸಿಕ್ಕಿತು. ತೇಜಸ್ವಿಯವರ 'ಪರಿಸರದ ಕತೆ' ಸಿಕ್ಕಿತು. ನೀಲು ಪದ್ಯಗಳು ಸಿಕ್ಕವು. ರಾಜಕೀಯದ ಕುತೂಹಲ ಸಾಹಿತ್ಯದ ಖರ್ಚನ್ನು ಭರಿಸಿತು. ಕಾಸರಗೋಡಿನ ಕಡೆಯ ಮುಸ್ಲಿಂ ಹೆಣ್ಣುಮಗಳೊಬ್ಬಳ ತಲಾಕಿನ ಕಥೆ ಯಾವ ಗ್ರಂಥಮಾಲೆಯ ಸದಸ್ಯನೂ ಅಲ್ಲದ, ಕಾದಂಬರಿಯನ್ನೇ ಓದದ ಸಾವಿರಾರು ಜನರ ಕೈಗೆ ಹೀಗೆ ಹೋಯಿತು.

ಅಗಡಿಯ ಮಾಸಪತ್ರಿಕೆಗೂ ಬೆಂಗಳೂರಿನ ವಾರಪತ್ರಿಕೆಗೂ ಮನೋಧರ್ಮದಲ್ಲಿ ಅಜಗಜಾಂತರವಿದೆ. ಉಪಾಯ ಮಾತ್ರ ಒಂದೇ. ಒಂದು ಕಡೆ ಭಕ್ತಿ ಕಾದಂಬರಿಯನ್ನು ಹೊತ್ತುಕೊಂಡು ಹೋಯಿತು, ಇನ್ನೊಂದು ಕಡೆ ಸಿಟ್ಟು. ಪರಿಣಾಮ ಮಾತ್ರ ಬೇರೆ ಬೇರೆ. ವಾರದ ಗಡುವು ನೀಲುವನ್ನು ಮೂರು ನಾಲ್ಕು ಸಾಲಿಗೆ ಇಳಿಸಿ ಹರಿತ ಮಾಡಿತು. ಅದೇ ಗಡುವು ಲಂಕೇಶರ ಸ್ವಂತ ದೊಡ್ಡ ಕೃತಿಗಳ ಕಾಲವನ್ನು ನುಂಗಿಹಾಕಿತು ಎಂದೂ ವಾದಿಸಬಹುದು. ಇಡೀ ವ್ಯವಸ್ಥೆ ಒಬ್ಬರ ಹೆಸರಿನ ಮೇಲೆ ನಿಂತಿದ್ದರಿಂದ 2000ದ ಜನವರಿಯಲ್ಲಿ ಅವರು ತೀರಿಕೊಂಡ ಮೇಲೆ ಅದು ಹಾಗೆಯೇ ಮುಂದುವರಿಯುವುದು ಸಾಧ್ಯವಾಗಲಿಲ್ಲ.

ಈಚಿನ ಒಂದು ಪ್ರಯೋಗವನ್ನು ವಿಧಾನದ ಸಲುವಾಗಿ ಮಾತ್ರ ಹೆಸರಿಸುತ್ತೇನೆ. 2022ರಲ್ಲಿ ದೇವನೂರ ಮಹಾದೇವ ಅವರು ತಮ್ಮ ರಾಜಕೀಯ ಕಿರುಹೊತ್ತಗೆಯೊಂದನ್ನು ಒಬ್ಬ ಪ್ರಕಾಶಕನಿಗೆ ಕೊಡದೆ, ಬೇರೆ ಬೇರೆ ಊರುಗಳ ಹಲವು ಸಣ್ಣ ಪ್ರಕಾಶಕರು ಏಕಕಾಲಕ್ಕೆ ಅಚ್ಚು ಹಾಕಲು ಬಿಟ್ಟುಕೊಟ್ಟರು. ಅದರ ವಾದವನ್ನು ಒಪ್ಪುವವರೂ ಒಪ್ಪದವರೂ ಇರಬಹುದು. ಹಕ್ಕನ್ನು ಸಡಿಲ ಬಿಟ್ಟರೆ ಓದುಗರು ಎಷ್ಟು ಬೇಗ ಸಿಗುತ್ತಾರೆ ಎಂಬುದಕ್ಕೆ ಅದು ನಿದರ್ಶನ.

ಶೆಫೀಲ್ಡಿನ ಪಟ್ಟಿ

ಈಗ ನಾವಿರುವ ನಾಡಿಗೆ ಬರೋಣ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಮ್ಮ ಸಂಘಗಳ ವಾಟ್ಸಾಪ್ ಗುಂಪುಗಳೆಲ್ಲ ಹಬ್ಬದ ಮನೆಯಾದವು. ಕನ್ನಡಕ್ಕೆ ಅದು ಮೊದಲ ಬೂಕರ್. ಸಣ್ಣಕಥೆಗಳ ಸಂಕಲನಕ್ಕೆ ಆ ಪ್ರಶಸ್ತಿ ಬಂದದ್ದೂ ಅದೇ ಮೊದಲು. ಐವತ್ತು ಸಾವಿರ ಪೌಂಡುಗಳನ್ನು ಲೇಖಕಿ ಮತ್ತು ಅನುವಾದಕಿ ದೀಪಾ ಭಾಸ್ತಿ ಸಮನಾಗಿ ಹಂಚಿಕೊಂಡರು. ಹಾಸನದ ವಕೀಲೆ, 'ಲಂಕೇಶ್ ಪತ್ರಿಕೆ'ಯ ಹಿಂದಿನ ವರದಿಗಾರ್ತಿ ಬಾನು ಅವರ ಹನ್ನೆರಡು ಕಥೆಗಳು ಆ ಪುಸ್ತಕದಲ್ಲಿವೆ.

ಆ ಪುಸ್ತಕವನ್ನು ಬ್ರಿಟನ್ನಿನಲ್ಲಿ ಹೊರತಂದದ್ದು ಶೆಫೀಲ್ಡಿನ 'ಅಂಡ್ ಅದರ್ ಸ್ಟೋರೀಸ್' ಎಂಬ ಸಣ್ಣ ಪ್ರಕಾಶನ. ಇದು ಲಾಭದ ಉದ್ದೇಶವಿಲ್ಲದ ಸಂಸ್ಥೆ. ಇದರ ನಡೆ ಧಾರವಾಡದವರಿಗೆ ಕೂಡಲೇ ಗುರುತು ಸಿಗುವಂಥದು. ಓದುಗರು ವರ್ಷಕ್ಕೆ ಎರಡೋ ನಾಲ್ಕೋ ಆರೋ ಪುಸ್ತಕಗಳಿಗೆ ಮುಂಗಡ ಚಂದಾ ಕೊಡುತ್ತಾರೆ. ಪುಸ್ತಕ ಅಂಗಡಿಗೆ ಹೋಗುವ ಮೊದಲೇ ಅವರ ಮನೆಗೆ ಬರುತ್ತದೆ. ಹಾಗೆ ಹಣ ಕೊಟ್ಟು ಪುಸ್ತಕವನ್ನು ಸಾಧ್ಯಮಾಡಿದ ಚಂದಾದಾರರ ಹೆಸರುಗಳನ್ನು ಪುಸ್ತಕದ ಕೊನೆಯ ಪುಟಗಳಲ್ಲಿ ಅಚ್ಚು ಹಾಕುತ್ತಾರೆ. ಇಂಗ್ಲೆಂಡಿಗೆ ಇದು ತೀರ ಹೊಸದಲ್ಲ. ಹದಿನೆಂಟನೆಯ ಶತಮಾನದಲ್ಲಿ ಅಲೆಕ್ಸಾಂಡರ್ ಪೋಪ್ ತನ್ನ 'ಇಲಿಯಡ್' ಅನುವಾದವನ್ನು ಚಂದಾದಾರರ ಹಣದಿಂದಲೇ ಹೊರತಂದ. ಅವರ ಪಟ್ಟಿಯೂ ಅಚ್ಚಾಯಿತು. ಅಲ್ಲಿ ಶ್ರೀಮಂತರು, ಬಿರುದು ಉಳ್ಳವರು ಇದ್ದರು. ಇಲ್ಲಿ ಸಾಮಾನ್ಯ ಓದುಗರಿದ್ದಾರೆ. ಈ ಪ್ರಕಾಶನದ ಮೊದಲ ವರ್ಷದ ಪುಸ್ತಕಗಳಲ್ಲಿ ಒಂದಾದ ಡೆಬೊರಾ ಲೆವಿಯ 'ಸ್ವಿಮ್ಮಿಂಗ್ ಹೋಮ್' ದೊಡ್ಡ ಪ್ರಕಾಶಕರಿಂದ ತಿರಸ್ಕೃತವಾಗಿ ಇಲ್ಲಿಗೆ ಬಂದದ್ದು. 2012ರಲ್ಲಿ ಅದು ಬೂಕರ್ ಅಂತಿಮ ಪಟ್ಟಿಗೆ ಸೇರಿತು.

ಚಂದಾ ಒಂದರಿಂದಲೇ ಎಲ್ಲವೂ ನಡೆಯಿತೆಂದು ಹೇಳುವುದು ಸರಿಯಲ್ಲ. ಆ ಪ್ರಕಾಶನಕ್ಕೆ ಇಂಗ್ಲೆಂಡಿನ ಆರ್ಟ್ಸ್ ಕೌನ್ಸಿಲ್ಲಿನ ನೆರವಿದೆ. 'ಹಾರ್ಟ್ ಲ್ಯಾಂಪ್' ಅನುವಾದಕ್ಕೆ ಇಂಗ್ಲಿಷ್ ಪೆನ್ ಸಂಸ್ಥೆಯ ಅನುದಾನ ಸಿಕ್ಕಿತ್ತು. ಆದರೂ ಕನ್ನಡದ ಕಥಾಸಂಕಲನವೊಂದನ್ನು ಹಾಕಿಕೊಳ್ಳುವ ಧೈರ್ಯ ಬಂದದ್ದು, ಯಾವ ಪುಸ್ತಕ ಬಂದರೂ ಓದಿ ನೋಡುತ್ತೇವೆ ಎಂದು ಮೊದಲೇ ಒಪ್ಪಿಕೊಂಡ ಓದುಗರು ಬೆನ್ನಿಗಿದ್ದುದರಿಂದ. ಹೆಸರೇ ಕೇಳದ ಭಾಷೆ, ಹೆಸರೇ ಕೇಳದ ಊರು. ಅನುವಾದದ ಇಂಗ್ಲಿಷಿನಲ್ಲಿ ಕನ್ನಡ, ಉರ್ದು, ಅರಬ್ಬಿ ಪದಗಳು ಅಡಿಟಿಪ್ಪಣಿಯ ಊರುಗೋಲಿಲ್ಲದೆ ಹಾಗೆಯೇ ನಿಂತಿವೆ. ಓದುಗ ಹೆದರಿ ಓಡಿಹೋಗುತ್ತಾನೆಂದು ಪ್ರಕಾಶಕ ಭಯಪಟ್ಟಿದ್ದರೆ ಹಾಗೆ ಬಿಡುತ್ತಿರಲಿಲ್ಲ. ಗಳಗನಾಥರ ಉಪದೇಶಕ್ಕೂ ಈ ಟಿಪ್ಪಣಿಯಿಲ್ಲದ ಪುಟಕ್ಕೂ ಇರುವ ದೂರದಲ್ಲಿ, ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ಓದುಗನಿಗೂ ನಂಬಿ ಮುಂಗಡ ಕೊಡುವ ಓದುಗನಿಗೂ ಇರುವ ವ್ಯತ್ಯಾಸ ಕಾಣಸಿಗುತ್ತದೆ.

ಇಂದಿನ ಕನ್ನಡದಲ್ಲಿ

ಇಷ್ಟು ಹೇಳಿದ ಮೇಲೆ ಇಂದಿನ ಸ್ಥಿತಿಯತ್ತ ನೋಡಬೇಕು. ಅಚ್ಚಾಗುವ ಕನ್ನಡ ಪುಸ್ತಕಗಳ ದೊಡ್ಡ ಪಾಲಿಗೆ ಆಧಾರ ಗ್ರಂಥಾಲಯ ಇಲಾಖೆಯ ಸಗಟು ಖರೀದಿ. ಸಣ್ಣ ಊರಿನ ಓದುಗನಿಗೆ ಅದರಿಂದ ಆಗಿರುವ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಪುಟದ ಲೆಕ್ಕದಲ್ಲಿ ಬೆಲೆ ಕಟ್ಟುವ ಖರೀದಿಗೆ ಪುಸ್ತಕದ ಒಳಗೆ ಏನಿದೆ ಎಂಬುದು ಮುಖ್ಯವಾಗುವುದಿಲ್ಲ. ಇಲಾಖೆಗೆ ಮಾರಿ ಖರ್ಚು ಹುಟ್ಟಿಸಿಕೊಂಡ ಪ್ರಕಾಶಕನಿಗೆ ಓದುಗನನ್ನು ಹುಡುಕುವ ದರ್ದು ಉಳಿಯುವುದಿಲ್ಲ. ಇದಕ್ಕೆ ಹೊರತಾದ ಪ್ರಯತ್ನಗಳೂ ಇವೆ. ಸಾಫ್ಟ್‌ವೇರ್ ಉದ್ಯೋಗದಿಂದ ಬಂದ ಕಥೆಗಾರ ವಸುಧೇಂದ್ರ 'ಛಂದ ಪುಸ್ತಕ'ದ ಮೂಲಕ ಹಸ್ತಪ್ರತಿ ಸ್ಪರ್ಧೆ ನಡೆಸಿ ಹೊಸಬರ ಮೊದಲ ಕಥಾಸಂಕಲನಗಳನ್ನು ಹೊರತಂದರು. 'ಮೈಲ್ಯಾಂಗ್' ಇ-ಪುಸ್ತಕಗಳನ್ನೂ ಕೇಳುಪುಸ್ತಕಗಳನ್ನೂ ಮಾರುತ್ತದೆ. ಅಂಚೆವೆಚ್ಚಕ್ಕೆ ಹೆದರುವ ನಮ್ಮಂಥವರಿಗೆ ಅದೊಂದು ದೊಡ್ಡ ಅನುಕೂಲ.

ಇನ್ನು ಹೊರನಾಡಿನ ನಮ್ಮ ಸಂಘಗಳ ವಿಷಯ. ಸಾಹಿತ್ಯಕ್ಕೆ ನಾವು ಖರ್ಚು ಮಾಡುವುದಿಲ್ಲವೆಂದಲ್ಲ. ಲೇಖಕರನ್ನು ವಿಮಾನದಲ್ಲಿ ಕರೆಸುತ್ತೇವೆ, ಶಾಲು ಹೊದಿಸುತ್ತೇವೆ, ಫಲಕ ಕೊಡುತ್ತೇವೆ, ಸ್ಮರಣಸಂಚಿಕೆ ತರುತ್ತೇವೆ. ವೇದಿಕೆಯ ಮೇಲೆ ಪುಸ್ತಕ ಬಿಡುಗಡೆಯಾಗುತ್ತದೆ. ಸಭಾಂಗಣದ ಹೊರಗೆ ಮೇಜಿನ ಮೇಲಿಟ್ಟ ಪ್ರತಿಗಳನ್ನು ಲೇಖಕರೇ ಸೂಟ್‌ಕೇಸಿನಲ್ಲಿ ವಾಪಸ್ಸು ಒಯ್ಯುತ್ತಾರೆ; ಕೆಲವನ್ನು ನಾವು ಗೌರವಪ್ರತಿಯಾಗಿ ಪಡೆದಿರುತ್ತೇವೆ. ಗೌರವಪ್ರತಿ ಎಂಬ ಮಾತಿನಲ್ಲಿ ಗೌರವ ಯಾರಿಗೆ ಸಲ್ಲುತ್ತದೆ ಎಂದು ಯೋಚಿಸಬೇಕು. ಹತ್ತು ಪೌಂಡಿನ ಊಟದ ಟಿಕೆಟ್ಟಿಗೆ ಹಿಂಜರಿಯದವರು ಮುನ್ನೂರು ರೂಪಾಯಿಯ ಪುಸ್ತಕವನ್ನು ದಾನವಾಗಿ ನಿರೀಕ್ಷಿಸುತ್ತೇವೆ. ಮೊದಲು ಹೇಳಿದ ಭೇದವನ್ನು ಇಲ್ಲಿ ಬಳಸುವುದಾದರೆ, ನಾವು ಕವಿಗೆ ಅರಿಕೇಸರಿಗಳಾಗಲು ಬಯಸುತ್ತೇವೆ. ಓದಿಗೆ ಅತ್ತಿಮಬ್ಬೆಯರಾಗಲು ಮುಂದೆ ಬರುವುದಿಲ್ಲ. ಅರಿಕೇಸರಿಯ ಹೆಸರು ಕಾವ್ಯದೊಳಗೆ ನಾಯಕನ ಜೊತೆ ಬೆರೆತು ನಿಂತಿತು. ನಾವು ವೇದಿಕೆಯ ಫೋಟೋದಲ್ಲಿ ನಿಲ್ಲುತ್ತೇವೆ.

ವಿಮರ್ಶೆಯ ಲೇಖನ ಸಲಹೆಯೊಂದಿಗೆ ಮುಗಿಯುವುದು ವಾಡಿಕೆಯಲ್ಲವಾದರೂ, ಮೇಲಿನ ಉದಾಹರಣೆಗಳು ತಾವಾಗಿಯೇ ಒಂದು ಸಲಹೆಯತ್ತ ಒಯ್ಯುತ್ತವೆ. ಒಂದು ಸಂಘದ ನೂರು ಮನೆಗಳು ವರ್ಷಕ್ಕೆ ನಾಲ್ಕು ಕನ್ನಡ ಪುಸ್ತಕಗಳಿಗೆ ಮುಂಗಡ ವರ್ಗಣಿ ಕೊಟ್ಟರೆ, ಆ ನಾಲ್ಕನ್ನು ಆರಿಸುವ ಕೆಲಸವನ್ನು ಓದಿನ ರುಚಿಯುಳ್ಳ ಇಬ್ಬರು ಮೂವರಿಗೆ ಬಿಟ್ಟುಕೊಟ್ಟರೆ, ಮತ್ತು ಅವುಗಳಲ್ಲಿ ಒಂದು ಹೊಸಬರ ಮೊದಲ ಪುಸ್ತಕವಾಗಿರಬೇಕೆಂದು ಗೊತ್ತುಮಾಡಿದರೆ, ಆ ಲೇಖಕನಿಗೆ ನೂರು ನಿಜವಾದ ಓದುಗರು ಖಚಿತವಾಗುತ್ತಾರೆ. ಬಂದ ಪುಸ್ತಕ ಇಷ್ಟವಾಗದಿರುವ ಸ್ವಾತಂತ್ರ್ಯವೂ ಆ ವರ್ಗಣಿಯಲ್ಲಿ ಸೇರಿದೆ. 'ಸಂಸ್ಕಾರ' ತರಿಸಿಕೊಂಡವರೆಲ್ಲ ಅದನ್ನು ಮೆಚ್ಚಿರಲಾರರು. ಐದನೆಯ ಪುಸ್ತಕವಾಗಿ ಅನುವಾದವೊಂದರ ಖರ್ಚಿನಲ್ಲಿ ಪಾಲು ಹೊರಬಹುದು. ಕಾರ್ನಾಡರಿಗೂ ಅನಂತಮೂರ್ತಿಯವರಿಗೂ ರಾಮಾನುಜನ್ನರಿಗೂ ಮುಂಗಡವಾಗಿ ವರ್ಗಣಿ ಕೊಟ್ಟ ಧಾರವಾಡ, ಹುಬ್ಬಳ್ಳಿ, ಬೆಳಗಾವಿಯ ಮನೆಗಳಿಗೆ ನಮ್ಮ ಬಾಕಿ ಇನ್ನೂ ತೀರಿಲ್ಲ. ಶೆಫೀಲ್ಡಿನ ಅಪರಿಚಿತರು ಅದರಲ್ಲಿ ಒಂದು ಕಂತನ್ನು ತೀರಿಸಿದ್ದಾರೆ. ಉಳಿದ ಕಂತುಗಳ ವಿಚಾರವನ್ನು ಮುಂದಿನ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ, ಊಟದ ಏರ್ಪಾಡಿನ ಚರ್ಚೆಗೆ ಮೊದಲು, ಸೇರಿಸಿಕೊಳ್ಳಬೇಕೆಂದು ಸದಸ್ಯರಲ್ಲಿ ವಿನಂತಿ.